ಬೆನ್ನಿನ ಮೇಲೊಂದು ಬಿಡಾರ

ಬಟ್ಟೆಯ ಮನೆಗೆ ನಮ್ಮ ಭಾಷೆಯಲ್ಲಿ ಹೆಸರುಗಳ ಬರವಿಲ್ಲ. ಗುಡಾರ ಇದೆ, ಡೇರೆ ಇದೆ, ಬಿಡಾರ ಇದೆ. ಹಲವು ಗುಡಾರಗಳು ಒಂದೆಡೆ ನೆರೆದರೆ ಬೀಡು, ದಂಡು ಬಂದಿಳಿದರೆ ಪಾಳೆಯ. ಕೆಡು ಎಂಬ ಧಾತುವಿನಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆ, ಬಿಡು ಎಂಬುದರಿಂದ ಬೀಡು ಆಯಿತು. ಪಯಣವನ್ನು ನಿಲ್ಲಿಸಿ ಹೊರೆಯನ್ನು ಇಳಿಬಿಟ್ಟ ಜಾಗವೇ ಬೀಡು. ಹಳೆಯ ಕಾವ್ಯಗಳಲ್ಲಿ ಬೀಡುಬಿಡುವ ವರ್ಣನೆಗಳನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಲ್ಲಿ ಗುಡಾರದೊಳಗೆ ಮಲಗುವವನು ಒಬ್ಬ, ಅದನ್ನು ಹೊತ್ತು ತರುವವರು ಬೇರೆ. ಆನೆ, ಎತ್ತು, ಆಳುಗಳ ಬೆನ್ನಿನ ಮೇಲೆ ಆ ಬೀಡು ಊರಿಂದೂರಿಗೆ ಸಾಗುತ್ತಿತ್ತು. ಗುಡಾರ ಎಷ್ಟು ವಿಶಾಲವಾಗಿದ್ದರೂ ಅರಸನ ಬೆನ್ನಿಗೆ ನೋವಿರಲಿಲ್ಲ.

ನಾನಿಂದು ಹೇಳಹೊರಟಿರುವುದು ಬೇರೊಂದು ಬಗೆಯ ಗುಡಾರದ ವಿಷಯ. ಇದರಲ್ಲಿ ಮಲಗುವವನೇ ಇದನ್ನು ಹೊರಬೇಕು. ಹಗಲೆಲ್ಲ ಬೆನ್ನುಚೀಲದಲ್ಲಿ ಮುದುರಿಕೊಂಡಿದ್ದು, ಸಂಜೆ ಹತ್ತು ನಿಮಿಷದೊಳಗೆ ಮನೆಯಾಗಿ ನಿಂತು, ಬೆಳಿಗ್ಗೆ ಮತ್ತೆ ಮೂಲಂಗಿಯ ಕಟ್ಟಿನಷ್ಟಾಗಿ ಚೀಲ ಸೇರಬೇಕು. ಹೊರುವಾಗ ಇದ್ದೂ ಇಲ್ಲದಂತಿರಬೇಕು, ಮಲಗುವಾಗ ಕೈಕಾಲು ಚಾಚುವಷ್ಟು ಎಡೆ ಕೊಡಬೇಕು. ಹಗುರವೂ ಆಗಿರಬೇಕು, ವಿಶಾಲವೂ ಆಗಿರಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ಸವತಿಯರಂತೆ. ಅವನ್ನು ಒಂದೇ ಸೂರಿನ ಕೆಳಗೆ ಬಾಳಿಸುವ ಪ್ರಯತ್ನ ಸುಮಾರು ನೂರ ಅರುವತ್ತು ವರ್ಷಗಳಿಂದ ನಡೆದುಬಂದಿದೆ.

ಕನ್ನಡದ ಮೇಷ್ಟರಿಗೆ ಈ ವಿಷಯ ಏಕೆ ಎಂದು ಕೇಳುಗರಿಗೆ ಅನಿಸಬಹುದು. ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ನಿಂತು ಪಾಠ ಹೇಳಿದವನಿಗೆ ರಜೆಯಲ್ಲಿ ನಡೆಯುವ ಚಪಲ ಹತ್ತಿತು. ಬೆಟ್ಟಗುಡ್ಡಗಳಲ್ಲಿ ವಾರಗಟ್ಟಲೆ ಚೀಲ ಹೊತ್ತು ತಿರುಗಿದ್ದೇನೆ. ಅರುವತ್ತು ದಾಟಿದ ಮೇಲೆ ಮೊಣಕಾಲು ಮೇಷ್ಟರ ಮಾತನ್ನು ಮೊದಲಿನಂತೆ ಕೇಳುವುದಿಲ್ಲ. ಏರುವಾಗ ಸುಮ್ಮನಿದ್ದು ಇಳಿಯುವಾಗ ಲೆಕ್ಕ ಕೇಳುತ್ತದೆ. ಆಗ ಉಳಿಯುವ ದಾರಿಗಳು ಎರಡೇ. ನಡಿಗೆಯನ್ನು ಬಿಡಬೇಕು, ಇಲ್ಲವೆ ಹೊರೆಯನ್ನು ಇಳಿಸಬೇಕು. ಚೀಲದಲ್ಲಿರುವ ದೊಡ್ಡ ತೂಕಗಳು ಮೂರು: ಚೀಲವೇ ಒಂದು, ಹಾಸಿಗೆ ಹೊದಿಕೆ ಒಂದು, ಗುಡಾರ ಒಂದು. ಹೀಗಾಗಿ ಗುಡಾರದ ತೂಕ ನನ್ನಂಥವನಿಗೆ ಕುತೂಹಲದ ವಿಷಯವಷ್ಟೇ ಅಲ್ಲ. ಮುಂದಿನ ವರ್ಷ ಬೆಟ್ಟವನ್ನು ಕಾಣುತ್ತೇನೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ.

ಹೊತ್ತು ನಡೆಯಬಲ್ಲ ಗುಡಾರದ ಕಥೆಯನ್ನು ಆಲ್ಪ್ಸ್ ಪರ್ವತಗಳಿಂದ ಆರಂಭಿಸುವುದು ವಾಡಿಕೆ. ಎಡ್ವರ್ಡ್ ವಿಂಪರ್ ಎಂಬ ಆಂಗ್ಲ ತರುಣ ಮರದ ಅಚ್ಚುಗಳನ್ನು ಕೆತ್ತುವ ಕಸುಬಿನವನು. ಚಿತ್ರ ಬರೆಯಲೆಂದು ಆಲ್ಪ್ಸ್‌ಗೆ ಹೋದವನು ಮ್ಯಾಟರ್‌ಹಾರ್ನ್ ಶಿಖರದ ಹುಚ್ಚು ಹಿಡಿಸಿಕೊಂಡ. ಶಿಖರದ ಬುಡದಲ್ಲಿ ಎತ್ತರದಲ್ಲೇ ರಾತ್ರಿ ಕಳೆಯದಿದ್ದರೆ ಅದನ್ನು ಏರಲಾಗದೆಂದು ಕಂಡುಕೊಂಡು 1860ರ ದಶಕದ ಆರಂಭದಲ್ಲಿ ತಾನೇ ಒಂದು ಗುಡಾರವನ್ನು ರೂಪಿಸಿದ. ಎರಡು ತುದಿಗಳಲ್ಲಿ ಎರಡೆರಡು ಕೋಲುಗಳ ಕತ್ತರಿ, ನಡುವೆ ಹಗ್ಗದ ಬೆನ್ನು, ಕೆಳಗೆ ನೀರು ಹೀರದ ಬಟ್ಟೆಯ ನೆಲ. ನೆಲವನ್ನು ಗೋಡೆಗೇ ಸೇರಿಸಿ ಹೊಲಿಸಿದ್ದು ಅವನ ಜಾಣತನ. ತೂಕ ಸುಮಾರು ಹತ್ತು ಕಿಲೋ. ನಾಲ್ಕು ಜನ ಮಲಗಬಹುದು. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಏರಿದ ತಂಡ ಹಿಂದಿನ ರಾತ್ರಿ ಹನ್ನೊಂದು ಸಾವಿರ ಅಡಿಯ ಎತ್ತರದಲ್ಲಿ ಗುಡಾರ ಹಾಕಿತ್ತು. ಇಳಿಯುವಾಗ ನಾಲ್ವರು ಜಾರಿಬಿದ್ದು ಸತ್ತ ದುರಂತವೇ ಆ ಏರಿಕೆಯ ನೆನಪಾಗಿ ಉಳಿದಿದೆ. ಗುಡಾರದ ಮಾದರಿ ಮಾತ್ರ ವಿಂಪರ್‌ನ ಹೆಸರನ್ನೇ ಹೊತ್ತು 1920ರ ದಶಕದ ಎವರೆಸ್ಟ್ ಯಾತ್ರೆಗಳವರೆಗೂ ಬಂತು.

ಹತ್ತು ಕಿಲೋ ಎಂದರೆ ಹಮಾಲಿ ಬೇಕು. ಹಮಾಲಿಯೂ ಬೇಡ, ನಾನೇ ಹೊರುತ್ತೇನೆ ಎಂದವನು ಆಲ್ಬರ್ಟ್ ಮಮ್ಮರಿ. ಮಾರ್ಗದರ್ಶಿಗಳಿಲ್ಲದೆ ಶಿಖರಗಳನ್ನು ಏರಬಹುದೆಂದು ತೋರಿಸಿದ ಸಾಹಸಿ. ಅವನ ಹೆಸರಿನಲ್ಲಿ ಪ್ರಸಿದ್ಧವಾದ ರೇಷ್ಮೆಯ ಗುಡಾರ ಎರಡು ಕಿಲೋಗಿಂತ ಕಡಿಮೆ ತೂಗುತ್ತಿತ್ತು. ತೂಕ ಅಷ್ಟು ಇಳಿದದ್ದು ಹೇಗೆ? ರೇಷ್ಮೆ ಹಗುರವೆಂಬುದು ಅರ್ಧ ಉತ್ತರ. ಉಳಿದರ್ಧ ಅದರ ಕಂಬಗಳಲ್ಲಿದೆ. ಆ ಗುಡಾರಕ್ಕೆ ಸ್ವಂತದ ಕಂಬಗಳೇ ಇರಲಿಲ್ಲ. ಹಗಲು ಮಂಜುಗಡ್ಡೆಯನ್ನು ಕಡಿಯುತ್ತಿದ್ದ ಕೊಡಲಿಗಳನ್ನೇ ರಾತ್ರಿ ತುದಿಗೊಂದರಂತೆ ನಿಲ್ಲಿಸಿ ಬಟ್ಟೆಯನ್ನು ಎತ್ತಿ ಕಟ್ಟುತ್ತಿದ್ದರು. ಹೇಗೂ ಕೈಯಲ್ಲಿರುವ ವಸ್ತುವಿಗೆ ಇನ್ನೊಂದು ಕೆಲಸ ಕೊಡುವ ಈ ಉಪಾಯ ಇಂದಿನ ಅತ್ಯಂತ ಹಗುರವಾದ ಗುಡಾರಗಳಿಗೆಲ್ಲ ಮೂಲಸೂತ್ರ. ಮಮ್ಮರಿ 1895ರಲ್ಲಿ ನಂಗಾ ಪರ್ಬತದ ಮೇಲೆ ರಘುಬೀರ ಥಾಪಾ, ಗೋಮನ್ ಸಿಂಗ್ ಎಂಬ ಇಬ್ಬರು ಗೂರ್ಖಾ ಸಂಗಾತಿಗಳೊಡನೆ ಕಣ್ಮರೆಯಾದ. ಅವರು ಮತ್ತೆ ಸಿಗಲಿಲ್ಲ.

ಶಿಖರಗಳಿಂದ ಈ ವಿದ್ಯೆಯನ್ನು ಸಾಮಾನ್ಯರ ಕಾಲುದಾರಿಗೆ ಇಳಿಸಿದವರಲ್ಲಿ ಒಬ್ಬ ದರ್ಜಿಯಿದ್ದಾನೆಂಬುದು ನನಗೆ ಸಂತೋಷದ ವಿಷಯ. ಲಂಡನ್ನಿನ ಟಿ. ಎಚ್. ಹೋಲ್ಡಿಂಗ್ ಸೈಕಲ್ಲಿನ ಮೇಲೆ ಒಯ್ಯಬಲ್ಲ ಸಣ್ಣ ಗುಡಾರಗಳನ್ನು ತಯಾರಿಸಿ, ತನ್ನಂಥ ಹವ್ಯಾಸಿಗಳನ್ನು ಕೂಡಿಸಿ 1901ರಲ್ಲಿ ಒಂದು ಸಂಘ ಕಟ್ಟಿದ. 1908ರಲ್ಲಿ ಬಯಲುವಾಸದ ಕೈಪಿಡಿಯೊಂದನ್ನು ಬರೆದ. ಬಟ್ಟೆಯನ್ನು ಅಳತೆಗೆ ಕತ್ತರಿಸುವುದು, ಹೊಲಿಗೆಯನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ದರ್ಜಿಗೆ ತಿಳಿದಷ್ಟು ಸೇನಾಪತಿಗೆ ತಿಳಿದೀತೆ?

ಇನ್ನು ಅಮೆರಿಕಕ್ಕೆ ಬರೋಣ. ಏಕೆಂದರೆ ನಮ್ಮ ಕಾಲದ ಹಗುರ ಗುಡಾರ ಬೆಳೆದದ್ದು ಅಲ್ಲಿನ ದೀರ್ಘ ಕಾಲುದಾರಿಗಳ ಮೇಲೆ. ಪೂರ್ವದಲ್ಲಿ ಅಪಲೇಚಿಯನ್ ದಾರಿ ಮೂರು ಸಾವಿರ ಕಿಲೋಮೀಟರಿಗೂ ಉದ್ದ. ಪಶ್ಚಿಮದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಹೋಗುವ ಪೆಸಿಫಿಕ್ ಕ್ರೆಸ್ಟ್ ದಾರಿ ನಾಲ್ಕು ಸಾವಿರ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಇವನ್ನು ಒಂದೇ ಉಸಿರಿಗೆ ನಡೆಯುವವರು ನಾಲ್ಕೈದು ತಿಂಗಳು ದಿನವೂ ಮನೆಯನ್ನು ಬಿಚ್ಚಿ ಕಟ್ಟುತ್ತಾರೆ. ಒಂದು ಕಿಲೋ ಹೆಚ್ಚು ಹೊತ್ತರೆ ಲಕ್ಷಾಂತರ ಹೆಜ್ಜೆಗಳ ಉದ್ದಕ್ಕೂ ಅದನ್ನು ಹೊತ್ತಂತೆ.

ಈ ದಾರಿಯ ಇತಿಹಾಸದಲ್ಲಿ ನನ್ನ ವಯಸ್ಸಿನವರು ನೆನೆಯಬೇಕಾದ ಹೆಸರೊಂದಿದೆ. ಎಮ್ಮಾ ಗೇಟ್‌ವುಡ್ ಎಂಬ ಹಳ್ಳಿಯ ಹೆಂಗಸು, ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ ತನ್ನ ಅರುವತ್ತೇಳನೆಯ ವಯಸ್ಸಿನಲ್ಲಿ ಒಬ್ಬಳೇ ಅಪಲೇಚಿಯನ್ ದಾರಿಯನ್ನು ಕೊನೆಯವರೆಗೂ ನಡೆದಳು. ಒಂದೇ ಯಾತ್ರೆಯಲ್ಲಿ ಅದನ್ನು ಏಕಾಂಗಿಯಾಗಿ ಮುಗಿಸಿದ ಮೊದಲ ಹೆಂಗಸು ಆಕೆ. ಕಾಲಿಗೆ ಸಾಧಾರಣ ಕ್ಯಾನ್‌ವಾಸ್ ಬೂಟು. ಹೆಗಲಿಗೆ ತಾನೇ ಹೊಲಿದುಕೊಂಡ ಒಂದು ಚೀಲ. ಅದರಲ್ಲಿ ಒಂದು ಕಂಬಳಿ ಮತ್ತು ಮಳೆಗೆಂದು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಗುಡಾರವೇ ಇರಲಿಲ್ಲ. ದಾರಿಯ ಆಸರೆಮನೆಗಳಲ್ಲಿ, ಅಪರಿಚಿತರ ಮನೆಗಳಲ್ಲಿ, ಕೆಲವೊಮ್ಮೆ ಮರದಡಿಯ ಎಲೆರಾಶಿಯ ಮೇಲೆ ರಾತ್ರಿಗಳನ್ನು ಕಳೆದಳು. ಅಷ್ಟಕ್ಕೆ ನಿಲ್ಲದೆ 1957ರಲ್ಲಿ ಮತ್ತೊಮ್ಮೆ ನಡೆದಳು. 1964ರಲ್ಲಿ ಬಿಡಿಬಿಡಿಯಾಗಿ ನಡೆದು ಮೂರನೆಯ ಸಲ ಮುಗಿಸಿದಳು. ಆಕೆಯ ಪ್ಲಾಸ್ಟಿಕ್ ಪರದೆಯನ್ನು ಎಲ್ಲರೂ ಅನುಸರಿಸಬೇಕೆಂದು ನಾನು ಹೇಳಲಾರೆ. ಆದರೆ ಹೊರೆ ಇಳಿದರೆ ವಯಸ್ಸೂ ಒಂದಿಷ್ಟು ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗೇಟ್‌ವುಡ್ ಅಜ್ಜಿ ಸಹಜಬುದ್ಧಿಯಿಂದ ಮಾಡಿದ್ದನ್ನು ಲೆಕ್ಕಾಚಾರದಿಂದ ಮಾಡಿದವನು ರೇ ಜಾರ್ಡಿನ್. ವಿಮಾನಶಾಸ್ತ್ರದ ಕೆಲಸ ಮಾಡಿದ್ದವನು. ಬಂಡೆ ಏರುವವರ ಪ್ರಾಣ ಕಾಯುವ ಬಿರುಕಿನ ಹಿಡಿಕೆಯನ್ನು 1970ರ ದಶಕದಲ್ಲಿ ಕಂಡುಹಿಡಿದವನು. ಪೆಸಿಫಿಕ್ ದಾರಿಯನ್ನು ಹೆಂಡತಿಯೊಡನೆ ಮತ್ತೆ ಮತ್ತೆ ನಡೆದು 1992ರಲ್ಲಿ ಅದರ ಕೈಪಿಡಿಯನ್ನು ಪ್ರಕಟಿಸಿದ. ಅಂಗಡಿಯ ಭಾರದ ಗುಡಾರ, ಭಾರದ ಬೂಟು, ಭಾರದ ಚೀಲ ಒಂದನ್ನೊಂದು ಬೇಡುತ್ತವೆ ಎಂದು ಅವನ ವಾದ. ಗುಡಾರದ ಬದಲು ತಾನೇ ಹೊಲಿದ ಚಪ್ಪರದಂಥ ಬಟ್ಟೆಯನ್ನು ಹಗ್ಗಗಳಿಂದ ಎಳೆದುಕಟ್ಟಿ ಅದರಡಿ ಮಲಗಿದ. ಗೋಡೆಗಳಿಲ್ಲದ ಚಪ್ಪರದ ಅಡಿಯಲ್ಲಿ ಎಡೆಗೇನು ಕೊರತೆ! ಮೊದಲು ನಕ್ಕವರು ಆಮೇಲೆ ಅನುಸರಿಸಿದರು. ಆ ಚಪ್ಪರಕ್ಕೆ ಸೊಳ್ಳೆಪರದೆಯನ್ನೂ ನೆಲವನ್ನೂ ಹೊಲಿದು, ನಡೆಯುವಾಗ ಊರುವ ಕೋಲುಗಳನ್ನೇ ಕಂಬಗಳಾಗಿ ಮಾಡಿಕೊಂಡಾಗ ಇಂದಿನ ಹಗುರ ಗುಡಾರ ಸಿದ್ಧವಾಯಿತು. ಮಮ್ಮರಿಯ ಕೊಡಲಿಯ ಉಪಾಯ ನೂರು ವರ್ಷಗಳ ಮೇಲೆ ಊರುಗೋಲಿನ ರೂಪದಲ್ಲಿ ಮರಳಿ ಬಂದಿತ್ತು.

ಇಷ್ಟು ವಂಶಾವಳಿ ಸಾಕು. ಈಗ ಬಟ್ಟೆಯ ವಿಚಾರ. ಗುಡಾರದ ಬಟ್ಟೆಯನ್ನು ಡೆನಿಯರ್ ಎಂಬ ಅಳತೆಯಿಂದ ಹೇಳುತ್ತಾರೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರಿಗೆ ಈ ಮಾತು ಹೊಸದಲ್ಲ. ಒಂಬತ್ತು ಸಾವಿರ ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ನಮ್ಮ ಕಚ್ಚಾ ರೇಷ್ಮೆಯ ನೂಲು ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೆರಡು ಡೆನಿಯರ್. ಇಂದಿನ ಹಗುರ ಗುಡಾರದ ನೂಲು ಇಪ್ಪತ್ತು, ಹದಿನೈದು, ಕೆಲವೊಮ್ಮೆ ಹತ್ತಕ್ಕೂ ಕಡಿಮೆ. ಹದಿನೈದು ಡೆನಿಯರ್ ಎಂದರೆ ಒಂಬತ್ತು ಕಿಲೋಮೀಟರ್ ನೂಲಿಗೆ ಹದಿನೈದು ಗ್ರಾಂ. ಸೀರೆಗೂ ತೆಳುವೆನಿಸುವ ಇಂಥ ನೂಲಿನ ಮರೆಯಲ್ಲಿ ಮನುಷ್ಯ ಬಿರುಗಾಳಿಯ ರಾತ್ರಿಯನ್ನು ಕಳೆಯುತ್ತಾನೆ.

ಮೊದಲು ರೇಷ್ಮೆ ಮತ್ತು ಹತ್ತಿಯಿದ್ದ ಜಾಗಕ್ಕೆ ಎರಡನೆಯ ಮಹಾಯುದ್ಧದ ಮೇಲೆ ನೈಲಾನ್ ಬಂತು. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊದರ್ಸ್‌ನ ಪ್ರಯೋಗಶಾಲೆಯಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಪ್ಯಾರಾಚೂಟ್ ಆಗಿ ಗುಣವನ್ನು ತೋರಿಸಿದ ನೂಲು. ಅದಕ್ಕೆ ಸಿಲಿಕೋನ್ ಲೇಪಿಸಿದರೆ ನೀರು ಒಳಬಾರದು, ಹರಿಯುವ ಭಯವೂ ಕಡಿಮೆ. ಆದರೆ ನೈಲಾನಿಗೆ ಒಂದು ದೌರ್ಬಲ್ಯವಿದೆ. ಒದ್ದೆಯಾದರೆ ನೀರು ಹೀರಿ ಉದ್ದವಾಗುತ್ತದೆ. ಸಂಜೆ ತಮಟೆಯ ಚರ್ಮದಂತೆ ಬಿಗಿಯಾಗಿದ್ದ ಸೂರು ನಡುರಾತ್ರಿ ಮಳೆಯಲ್ಲಿ ಜೋತುಬೀಳುತ್ತದೆ. ಎದ್ದು ಹೊರಗೆ ಹೋಗಿ ಹಗ್ಗಗಳನ್ನು ಮತ್ತೆ ಬಿಗಿಯಬೇಕು. ಪಾಲಿಯೆಸ್ಟರಿಗೆ ಈ ಕಾಯಿಲೆ ಬಹಳ ಕಡಿಮೆ. ಆದ್ದರಿಂದ ಈಚೆಗೆ ಅದರ ಕಡೆ ಒಲವು ಹೆಚ್ಚಿದೆ.

ಮೂರನೆಯದು ಡೈನೀಮಾ ಎಂಬ ನಾರಿನಿಂದ ಮಾಡಿದ ಪದರ. ಇದನ್ನು ನೇಯುವುದಿಲ್ಲ. ಬಲವಾದ ಪಾಲಿಎಥಿಲೀನ್ ಎಳೆಗಳನ್ನು ಹರಡಿ, ಎರಡು ತೆಳು ಪಾಲಿಯೆಸ್ಟರ್ ಹಾಳೆಗಳ ನಡುವೆ ಒತ್ತಿ ಅಂಟಿಸುತ್ತಾರೆ. 1990ರ ದಶಕದಲ್ಲಿ ಪಂದ್ಯದ ದೋಣಿಗಳ ಹಾಯಿಗಳಿಗೆಂದು ಹುಟ್ಟಿದ ವಸ್ತುವಿದು. ಹಾಯಿಯಿಂದ ಸೂರಿಗೆ ಬಂತು. ನೀರು ಕುಡಿಯುವುದಿಲ್ಲ, ಜೋತುಬೀಳುವುದಿಲ್ಲ. ಇದರಲ್ಲಿ ಮಾಡಿದ ಇಬ್ಬರ ಗುಡಾರವೊಂದು ಕಂಬಗಳನ್ನು ಬಿಟ್ಟು ಸುಮಾರು ಅರ್ಧ ಕಿಲೋ ತೂಗುತ್ತದೆ. ವಿಂಪರ್‌ನ ಹತ್ತು ಕಿಲೋ ಎಲ್ಲಿ, ಇದೆಲ್ಲಿ! ಬೆಲೆ ಮಾತ್ರ ನೂರಾರು ಡಾಲರು. ಉಜ್ಜಾಟವನ್ನೂ ಮುಳ್ಳಿನ ಚುಚ್ಚನ್ನೂ ಇದು ನೈಲಾನಿನಷ್ಟು ಸಹಿಸುವುದಿಲ್ಲ. ಅಷ್ಟು ಸಣ್ಣದಾಗಿ ಮಡಚಿಕೊಳ್ಳುವುದೂ ಇಲ್ಲ.

ತೂಕದ ಮಾತಾಯಿತು; ಎಡೆಯ ಮಾತೇನು? ಅಂಗಡಿಯಲ್ಲಿ ನೆಲದ ಉದ್ದಗಲವನ್ನು ಹೇಳುತ್ತಾರೆ, ನಡುವಿನ ಎತ್ತರವನ್ನು ಹೇಳುತ್ತಾರೆ. ಈ ಎರಡು ಸಂಖ್ಯೆಗಳನ್ನು ನಂಬಿ ಗುಡಾರ ಕೊಂಡವನು ಮೊದಲ ಮಳೆಯ ದಿನ ಬೆರಗಾಗುತ್ತಾನೆ. ಒಂದು ಉದಾಹರಣೆ ನೋಡಿ. ನೆಲದ ಅಗಲ 130 ಸೆಂಟಿಮೀಟರ್, ನಡುವಿನ ಎತ್ತರ 110 ಸೆಂಟಿಮೀಟರ್. ಆಕಾರ ನಮ್ಮ ಹಳೆಯ ಹುಲ್ಲುಮನೆಯ ಸೂರಿನಂತೆ ತ್ರಿಕೋನ. ನೆಲದ ಮೇಲೆ ಕುಳಿತವನ ತಲೆ ಸುಮಾರು ತೊಂಬತ್ತು ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಆ ಎತ್ತರದಲ್ಲಿ ತ್ರಿಕೋನದ ಅಗಲ ಎಷ್ಟು ಉಳಿದಿರುತ್ತದೆ? ಇಪ್ಪತ್ನಾಲ್ಕು ಸೆಂಟಿಮೀಟರ್, ಅಂದರೆ ಒಂದು ಗೇಣು. ಇಬ್ಬರ ಗುಡಾರವೆಂದು ಕರೆಸಿಕೊಂಡ ಮನೆಯಲ್ಲಿ ತಲೆಯೆತ್ತಿ ಕೂರಲು ಒಬ್ಬನಿಗೆ ಮಾತ್ರ ಅವಕಾಶ; ಅವನೂ ನಟ್ಟನಡುವೆ ಕೂರಬೇಕು. ಅದೇ ಅಗಲ, ಅದೇ ಎತ್ತರದ ನೆಟ್ಟಗೋಡೆಯ ಪೆಟ್ಟಿಗೆಗೆ ಹೋಲಿಸಿದರೆ ತ್ರಿಕೋನದ ಒಳಗೆ ಅರ್ಧದಷ್ಟೇ ಎಡೆ. ಇದು ಶಾಲೆಯ ಹುಡುಗನಿಗೂ ಗೊತ್ತಿರುವ ಸೂತ್ರ. ಮಳೆಯ ದಿನ ಭುಜಕ್ಕೆ ಒದ್ದೆ ಬಟ್ಟೆ ತಗುಲಿದಾಗಲೇ ಅದರ ಅರ್ಥ ತಿಳಿಯುವುದು.

ಹಾಗಾದರೆ ವಿಶಾಲವೆಂದರೆ ದೊಡ್ಡ ನೆಲವಲ್ಲ, ನೆಟ್ಟಗಿನ ಗೋಡೆ. ನೆಲವನ್ನು ಹಿಗ್ಗಿಸಿದರೆ ಬಟ್ಟೆ ಹೆಚ್ಚುತ್ತದೆ, ತೂಕ ಹೆಚ್ಚುತ್ತದೆ. ಗೋಡೆಯನ್ನು ನಿಮಿರಿಸಿದರೆ ಅಷ್ಟೇ ನೆಲದಲ್ಲಿ ಹೆಚ್ಚು ಮನುಷ್ಯ ಹಿಡಿಸುತ್ತಾನೆ. ಬಟ್ಟೆಗೆ ತಾನಾಗಿ ನಿಮಿರುವ ಗುಣವಿಲ್ಲವಾದ್ದರಿಂದ ಯಾವುದೋ ಒಂದು ಅದನ್ನು ಹೊರಕ್ಕೆ ತಳ್ಳಬೇಕು, ಇಲ್ಲವೆ ಹೊರಗಿನಿಂದ ಎಳೆಯಬೇಕು. ಗುಡಾರಗಳ ಎರಡು ಕುಲಗಳು ಇಲ್ಲಿ ಕವಲೊಡೆಯುತ್ತವೆ.

ಒಳಗಿನಿಂದ ತಳ್ಳುವ ಕುಲಕ್ಕೆ ಅಮೆರಿಕದ ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಒಬ್ಬ ಹಿರಿಯ. ಸಣ್ಣ ತ್ರಿಕೋನಗಳನ್ನು ಹೆಣೆದು ಭಾರೀ ಗುಮ್ಮಟಗಳನ್ನು ನಿಲ್ಲಿಸಬಹುದೆಂದು ಅವನು ತೋರಿಸಿದ; 1967ರ ಮಾಂಟ್ರಿಯಲ್ ಪ್ರದರ್ಶನದ ಗೋಳ ಜಗತ್ಪ್ರಸಿದ್ಧವಾಯಿತು. ಅದೇ ತತ್ತ್ವವನ್ನು ಹಿಡಿದು 1975ರಲ್ಲಿ ನಾರ್ತ್ ಫೇಸ್ ಎಂಬ ಕಂಪನಿ ಬಾಗಿದ ಕಂಬಿಗಳು ಒಂದನ್ನೊಂದು ಹಾಯುವ ಗುಮ್ಮಟದ ಗುಡಾರವನ್ನು ಮಾರುಕಟ್ಟೆಗೆ ತಂದಿತು. ಬಿಲ್ಲಿನಂತೆ ಬಗ್ಗಿದ ಅಲ್ಯೂಮಿನಿಯಂ ಕಂಬಿಗಳು ಬಟ್ಟೆಯನ್ನು ಹೊರಕ್ಕೆ ಒತ್ತುವುದರಿಂದ ಗೋಡೆ ಬುಡದಿಂದಲೇ ಮೇಲೇಳುತ್ತದೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ತಡೆದುಕೊಳ್ಳುತ್ತದೆ. ಗೂಟ ಹೊಡೆಯುವ ಮೊದಲೇ ತಾನಾಗಿ ನಿಲ್ಲುತ್ತದೆ. ಎತ್ತಿ ಬೇರೆ ಕಡೆ ಇಡಬಹುದು. ಹೊಸಬನಿಗೆ ಇದು ಒಳ್ಳೆಯ ಗೆಳೆಯ. ಆದರೆ ಇಂದಿನ ಉತ್ತಮ ಇಬ್ಬರ ಗುಡಾರದಲ್ಲೂ ಕಂಬಿಗಳೇ ಮುನ್ನೂರು ನಾನೂರು ಗ್ರಾಂ. ಒಟ್ಟು ತೂಕ ಒಂದೂಕಾಲು ಒಂದೂವರೆ ಕಿಲೋದ ಸುತ್ತಮುತ್ತ.

ಹೊರಗಿನಿಂದ ಎಳೆಯುವ ಕುಲ ಊರುಗೋಲಿನ ಗುಡಾರಗಳದು. ಎರಡು ಊರುಗೋಲುಗಳನ್ನು ಎದುರುಬದುರು ಗೋಡೆಗಳ ಬಳಿ ನಿಲ್ಲಿಸಿದರೆ ನಡುಮನೆ ಖಾಲಿಯಾಗುತ್ತದೆ. ತಲೆಯ ಮೇಲೆ ಬೆನ್ನೆಲುಬಿನಂತೆ ಸೂರು ಹಾಯುತ್ತದೆ. ಮೂಲೆಗಳಲ್ಲಿ ಒಂದೊಂದು ಗೇಣಿನ ಕಡ್ಡಿಯನ್ನು ಹೊಲಿದು ಸೇರಿಸಿದರೆ ಕಾಲಿನ ಕಡೆ ಇಳಿಜಾರಾಗುವ ಬಟ್ಟೆ ಮೇಲೆದ್ದು ಮಲಗುಚೀಲಕ್ಕೆ ತಾಗುವುದು ತಪ್ಪುತ್ತದೆ. ಸೂರಿನ ಬೆನ್ನನ್ನು ನೇರವಾಗಿ ಕತ್ತರಿಸುವುದಿಲ್ಲ. ಎರಡು ತುದಿ ಹಿಡಿದು ಸರಪಳಿಯನ್ನು ಇಳಿಬಿಟ್ಟಾಗ ಅದು ಯಾವ ಬಾಗನ್ನು ತಾಳುತ್ತದೆಯೋ, ನಮ್ಮ ಬಾಗಿಲಿನ ತೋರಣ ಹೇಗೆ ಬಾಗುತ್ತದೆಯೋ, ಹಾಗೆ ಕತ್ತರಿಸುತ್ತಾರೆ. ಆಗ ಎಳೆತ ಎಲ್ಲೆಡೆ ಸಮನಾಗಿ ಹಂಚಿ ಸುಕ್ಕು ಉಳಿಯುವುದಿಲ್ಲ, ಗಾಳಿಗೆ ಪಟಪಟ ಹೊಡೆಯುವುದಿಲ್ಲ. ಬಾಗಿಲಿನಾಚೆ ಸೂರನ್ನು ಸ್ವಲ್ಪ ಚಾಚಿದರೆ ಒಂದು ಜಗಲಿ ದೊರೆಯುತ್ತದೆ. ಕೆಸರಿನ ಬೂಟು, ಒದ್ದೆ ಚೀಲ ಅಲ್ಲಿ ಕೂರುತ್ತವೆ. ಹಳೆಯ ಮನೆಗಳಲ್ಲಿ ಜಗಲಿಯ ಬೆಲೆ ಅರಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿಯವರೆಗೆ ಗೆಲುವಿನ ಕಥೆ. ಆದರೆ ತೂಕವನ್ನು ಕಳೆದುಕೊಂಡ ಗುಡಾರ ಅದಕ್ಕೆ ಪ್ರತಿಯಾಗಿ ಏನನ್ನೋ ಕೇಳುತ್ತದೆ. ತಾನಾಗಿ ನಿಲ್ಲುವ ಶಕ್ತಿಯನ್ನು ಅದು ಬಿಟ್ಟುಕೊಟ್ಟಿದೆ. ಅದನ್ನು ನಿಲ್ಲಿಸುವುದು ಆರೆಂಟು ಗೂಟಗಳು. ಗೂಟವನ್ನು ನಿಲ್ಲಿಸುವುದು ನೆಲ. ಆ ನೆಲವನ್ನು ಆರಿಸುವವನು ನಡೆಯುವವನು. ಮರಳಿನಲ್ಲಿ ಸಣ್ಣ ಗೂಟ ನಿಲ್ಲದು, ಬಂಡೆಯಲ್ಲಿ ಯಾವ ಗೂಟವೂ ಇಳಿಯದು. ಅಲ್ಲಿ ದೊಡ್ಡ ಕಲ್ಲಿಗೆ ಹಗ್ಗ ಸುತ್ತಬೇಕು. ಹಿಮದಲ್ಲಿ ಕೋಲನ್ನು ಅಡ್ಡಲಾಗಿ ಹೂಳಿ ಮೇಲೆ ತುಳಿದು ಗಟ್ಟಿಮಾಡಬೇಕು. ಗುಡಾರದ ತಗ್ಗಾದ ತುದಿಯನ್ನು ಗಾಳಿಗೆ ಎದುರಾಗಿ ಇಡಬೇಕು. ಹೊಲಿಗೆಗಳ ಮೇಲೆ ಸಿಲಿಕೋನ್ ಅಂಟನ್ನು ಹಲವು ವೇಳೆ ಕೊಂಡವನೇ ಮನೆಯಲ್ಲಿ ಕೂತು ಬಳಿಯಬೇಕು.

ಒಳಗಿನ ತೇವ ಇನ್ನೊಂದು ಸಮಸ್ಯೆ. ಭಾರದ ಗುಡಾರಕ್ಕೆ ಎರಡು ಪದರ: ಒಳಗೆ ಉಸಿರಾಡುವ ಬಟ್ಟೆ, ಹೊರಗೆ ಮಳೆ ತಡೆಯುವ ಬಟ್ಟೆ. ಹಗುರದ ಗುಡಾರಗಳಲ್ಲಿ ಬಹಳಷ್ಟಕ್ಕೆ ಒಂದೇ ಪದರ. ರಾತ್ರಿಯಿಡೀ ಮಲಗಿದವರ ಉಸಿರಿನಿಂದ ಹೊರಬಿದ್ದ ತೇವ ತಣ್ಣನೆಯ ಬಟ್ಟೆಗೆ ತಗುಲಿ ಹನಿಗೂಡುತ್ತದೆ. ಬೆಳಗಿನ ಜಾವ ಯಾರಾದರೂ ಮಗ್ಗುಲಾದರೆ ಮನೆಯೊಳಗೇ ತುಂತುರು ಮಳೆ. ಸೂರು ಸೋರುತ್ತಿದೆಯೆಂದು ಹೊಸಬ ಬಯ್ಯುತ್ತಾನೆ. ಅನುಭವಸ್ಥ ಮಾಡುವುದು ಬೇರೆ. ಹೊಳೆಯ ದಂಡೆ ಚೆಂದವೆಂದು ಅಲ್ಲಿ ಇಳಿಯುವುದಿಲ್ಲ; ತಣ್ಣನೆಯ ಗಾಳಿ ರಾತ್ರಿ ಕಣಿವೆಯ ತಳಕ್ಕೆ ಹರಿದುಬಂದು ನಿಲ್ಲುತ್ತದೆಂದು ಬಲ್ಲ. ಸ್ವಲ್ಪ ಎತ್ತರದಲ್ಲಿ, ಮರಗಳ ಮರೆಯಲ್ಲಿ ಜಾಗ ಹುಡುಕುತ್ತಾನೆ. ಬರಿಯ ಆಕಾಶದಡಿ ಬಟ್ಟೆ ಬೇಗ ತಣ್ಣಗಾಗಿ ಇಬ್ಬನಿ ಕಟ್ಟುತ್ತದೆ. ಮರದ ಕೆಳಗೆ ಅಷ್ಟಿಲ್ಲ. ತಲೆಯ ಮೇಲೆ ಒಣಗಿದ ಕೊಂಬೆ ಇದೆಯೇ ಎಂದೂ ನೋಡುತ್ತಾನೆ. ಮಳೆ ಇಲ್ಲದಿದ್ದರೆ ಬಾಗಿಲುಗಳನ್ನು ತೆರೆದೇ ಮಲಗುತ್ತಾನೆ. ಬೆಳಿಗ್ಗೆ ಚಿಕ್ಕ ವಸ್ತ್ರದಿಂದ ಒಳಗೋಡೆಯನ್ನು ಒರೆಸುತ್ತಾನೆ. ಕಳೆದ ಅರ್ಧ ಕಿಲೋಗೆ ಬದಲಾಗಿ ಈ ಇಷ್ಟು ತಿಳಿವಳಿಕೆ ಬೇಕು.

ನಮ್ಮ ಮಲೆನಾಡಿನ ಮಳೆಗಾಲವನ್ನು ಕಂಡವರು ಜಾರ್ಡಿನ್‌ನ ಚಪ್ಪರವನ್ನು ಇಲ್ಲಿಗೆ ಹಾಗೆಯೇ ತರಲಾರರು. ಇಂಬಳಗಳು ಅತಿಥಿಯನ್ನು ಹುಡುಕಿ ಬರುತ್ತವೆ. ಬಾನಿಯ ಅಂಚಿನಂತೆ ಮೇಲೆದ್ದ ನೆಲ, ಸಂದಿಲ್ಲದ ಬಲೆ ಇಲ್ಲದಿದ್ದರೆ ನಿದ್ದೆಯಿಲ್ಲ. ಕ್ಯಾಲಿಫೋರ್ನಿಯಾದ ಒಣಬೆಟ್ಟಗಳಿಗೆ ಹೊಲಿದ ಅಂಗಿ ಆಗುಂಬೆಗೆ ಒಪ್ಪೀತೆ? ಇಲ್ಲಿ ನೂರಿನ್ನೂರು ಗ್ರಾಂ ಹೆಚ್ಚು ಹೊರುವವನೇ ಜಾಣ. ಕಾಡಿನಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನೂ ಜತೆಗೆ ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಈ ಮಳೆಗೆ ಕಂಬಳಿಕೊಪ್ಪೆಯನ್ನೂ ಗೊರಬನ್ನೂ ಕಂಡುಕೊಂಡಿದ್ದರು. ಒಬ್ಬರ ಬೆನ್ನಿಗೆ ಒಂದು ಸೂರು, ಎರಡು ಕೈಗಳೂ ನಾಟಿಗೆ ಬಿಡುವು. ಮಳೆಯಂಗಿಯನ್ನೇ ರಾತ್ರಿ ಚಪ್ಪರವಾಗಿ ಕಟ್ಟುವ ಇಂದಿನ ನಡಿಗೆಗಾರರು ಅದನ್ನು ಕಂಡರೆ ನಕ್ಕಾರೆಂದು ನನಗೆ ತೋರುವುದಿಲ್ಲ, ಮೆಚ್ಚಿ ತಲೆದೂಗುತ್ತಿದ್ದರು.

ಗುಡಾರವೆಂದರೆ ಕೊನೆಗೂ ಏನೆಂದು ಅರಿಯಲು ನಾನು ಒಂದು ಪುಸ್ತಕವನ್ನು ಆಗಾಗ ತೆರೆಯುತ್ತೇನೆ. ಆಪ್ಸ್ಲೆ ಚೆರ್ರಿ-ಗ್ಯಾರಾರ್ಡ್ 1922ರಲ್ಲಿ ಪ್ರಕಟಿಸಿದ ಅಂಟಾರ್ಕ್ಟಿಕ ಪ್ರವಾಸಕಥನ, ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’. ಕ್ಯಾಪ್ಟನ್ ಸ್ಕಾಟನ ತಂಡದಲ್ಲಿ ಅವನು ಕಿರಿಯ. 1911ರ ಜೂನ್ ಕೊನೆಯಲ್ಲಿ ವಿಲ್ಸನ್, ಬೌವರ್ಸ್ ಎಂಬಿಬ್ಬರೊಡನೆ ಎಂಪರರ್ ಪೆಂಗ್ವಿನ್ನಿನ ಮೊಟ್ಟೆ ತರಲು ಹೊರಟ. ಅಲ್ಲಿ ಅದು ನಡುಚಳಿಗಾಲ. ಹಗಲೇ ಇಲ್ಲದ ಕತ್ತಲು. ಕೇಪ್ ಕ್ರೋಜಿಯರ್ ಎಂಬಲ್ಲಿ ಕಲ್ಲುಗಳನ್ನು ಜೋಡಿಸಿ ಮೇಲೆ ಬಟ್ಟೆಯ ಸೂರು ಹಾಸಿ ಗುಡಿಸಲು ಮಾಡಿಕೊಂಡರು. ಗುಡಾರವನ್ನು ಪಕ್ಕದಲ್ಲೇ ನಿಲ್ಲಿಸಿದ್ದರು. ಬಿರುಗಾಳಿ ಎದ್ದು ಮೊದಲು ಗುಡಾರವನ್ನು ಹೊತ್ತೊಯ್ದಿತು. ಆಮೇಲೆ ಗುಡಿಸಲ ಸೂರನ್ನು ಚಿಂದಿ ಮಾಡಿತು. ಮೂವರೂ ತಮ್ಮ ಚೀಲಗಳೊಳಗೆ ಹುದುಗಿ ಹಿಮದಡಿ ಮಲಗಿದರು. ಗುಡಾರವಿಲ್ಲದೆ ಹಿಂದಿರುಗುವ ದಾರಿಯಲ್ಲಿ ಬದುಕುವಂತಿರಲಿಲ್ಲ. ಅದು ಮೂವರಿಗೂ ತಿಳಿದಿತ್ತು.

ಗಾಳಿ ತಗ್ಗಿದ ಮೇಲೆ ಕತ್ತಲಲ್ಲಿ ಹುಡುಕಿದರು. ಸುಮಾರು ಅರ್ಧ ಮೈಲಿಯಾಚೆ, ಇಳಿಜಾರಿನ ಬುಡದಲ್ಲಿ ಗುಡಾರ ಬಿದ್ದಿತ್ತು. ಗಾಳಿ ಎತ್ತಿದಾಗ ಅದು ಕೊಡೆಯಂತೆ ಮುಚ್ಚಿಕೊಂಡಿದ್ದರಿಂದ ಹರಿಯದೆ ಉಳಿದಿತ್ತು. ಅದನ್ನು ತಂದು ಮತ್ತೆ ನಿಲ್ಲಿಸಿದರು. ಆಮೇಲಿನ ರಾತ್ರಿ ಬೌವರ್ಸ್ ಗುಡಾರದಿಂದ ಒಂದು ಹಗ್ಗ ತಂದು ತನ್ನ ಮೈಗೇ ಕಟ್ಟಿಕೊಂಡು ಮಲಗಿದನಂತೆ. ಅದು ಹೋದರೆ ಜತೆಗೆ ತಾನೂ ಹೋಗುವುದೆಂದು ನಿಶ್ಚಯಿಸಿದ್ದ. 1911ರ ಆಗಸ್ಟ್ 1ರಂದು ಮೂವರೂ ಜೀವಂತವಾಗಿ ಮರಳಿದರು. ಮರುವರ್ಷದ ಮಾರ್ಚಿನಲ್ಲಿ ಧ್ರುವದಿಂದ ಹಿಂದಿರುಗುತ್ತ ಸ್ಕಾಟ್, ವಿಲ್ಸನ್, ಬೌವರ್ಸ್ ಕೊನೆಯುಸಿರೆಳೆದದ್ದೂ ಒಂದು ಗುಡಾರದಲ್ಲೇ. ಆಹಾರದ ದಾಸ್ತಾನು ಅಲ್ಲಿಂದ ಕೇವಲ ಹನ್ನೊಂದು ಮೈಲಿ ದೂರವಿತ್ತು. ಗುಡಾರ ಗಟ್ಟಿಯಾಗಿಯೇ ನಿಂತಿತ್ತು. ಅನ್ನವಿಲ್ಲದ ಮೇಲೆ ಮನೆ ಏನು ಮಾಡೀತು?

ನಾವು ಅಂಟಾರ್ಕ್ಟಿಕಕ್ಕೆ ಹೋಗುವವರಲ್ಲ. ಆದರೂ ಬೌವರ್ಸನ ಹಗ್ಗವನ್ನು ನಾನು ಮರೆಯಲಾರೆ. ಗುಡಾರವನ್ನು ಕೊಳ್ಳುವ ವಸ್ತುವೆಂದು ನಾವು ತಿಳಿದಿದ್ದೇವೆ. ಅದು ಗಾಳಿಯಲ್ಲಿ ಉಳಿಯುವುದು ಕಟ್ಟಿದವನ ಕೈಯಿಂದ. ಇಂದಿನ ಗುಡಾರ ಎಷ್ಟೆಷ್ಟು ಹಗುರವಾಗುತ್ತದೆಯೋ ಅಷ್ಟಷ್ಟು ಆ ಕೈಯ ಮೇಲೆ ಅವಲಂಬಿಸುತ್ತದೆ. ಬೆನ್ನಿನಿಂದ ಇಳಿಸಿದ ತೂಕವನ್ನು ತಲೆ ಹೊರಬೇಕು. ಆದ್ದರಿಂದಲೇ ಇವು ಅನುಭವಸ್ಥರ ಗುಡಾರಗಳು. ಹೊಸ ತರುಣ ನನ್ನನ್ನು ಕೇಳಿದರೆ ತಾನಾಗಿ ನಿಲ್ಲುವ ಒಂದೂವರೆ ಕಿಲೋದ ಗುಮ್ಮಟವನ್ನೇ ಕೊಳ್ಳಪ್ಪ ಎನ್ನುತ್ತೇನೆ. ಅವನ ಮೊಣಕಾಲಿಗೆ ಅದೇನೂ ಭಾರವಲ್ಲ. ನಾಲ್ಕು ಮಳೆಗಾಲ ಕಳೆದು, ಹಗ್ಗದ ಗಂಟು ಕತ್ತಲಲ್ಲೂ ಕೈಗೆ ಬಂದ ಮೇಲೆ ಕಂಬಿಗಳನ್ನು ಮನೆಯಲ್ಲಿ ಬಿಡಲಿ.

ಹಿರಿಯರಿಗೆ ನನ್ನ ಮಾತು ಬೇರೆ. ಹೊಸ ಗುಡಾರವನ್ನು ನೇರವಾಗಿ ಬೆಟ್ಟಕ್ಕೆ ಒಯ್ಯಬೇಡಿ. ಮನೆಯ ಹಿತ್ತಲಲ್ಲೋ ಶಾಲೆಯ ಬಯಲಲ್ಲೋ ಒಂದು ಮಳೆಯ ಸಂಜೆ ಕಟ್ಟಿ, ಒಳಗೆ ಕೂತು ನೋಡಿ. ಅಕ್ಕಪಕ್ಕದವರು ನಗುತ್ತಾರೆ, ನಗಲಿ. ನೇರವಾಗಿ ಕೂತಾಗ ತಲೆಗೆ ಬಟ್ಟ��� ತಾಗುತ್ತದೆಯೇ, ಮಲಗಿದಾಗ ಕಾಲಬೆರಳಿಗೆ ತಾಗುತ್ತದೆಯೇ, ನಡುರಾತ್ರಿ ಒಮ್ಮೆ ಎದ್ದು ಹೋಗಲು ಬಾಗಿಲು ಸುಲಭವಾಗಿದೆಯೇ ಎಂದು ಪರೀಕ್ಷಿಸಿ. ಈ ಕೊನೆಯ ಪ್ರಶ್ನೆಯನ್ನು ಅಂಗಡಿಯ ಹುಡುಗರು ಕೇಳುವುದಿಲ್ಲ. ನಮ್ಮ ವಯಸ್ಸು ಕೇಳುತ್ತದೆ. ಮಂಡಿಯೂರಿ ತೆವಳಬೇಕಾದ ಬಾಗಿಲಿಗಿಂತ ಪಕ್ಕದಲ್ಲಿ ಅಗಲವಾಗಿ ತೆರೆಯುವ ಬಾಗಿಲಿಗೆ ನೂರು ಗ್ರಾಂ ಹೆಚ್ಚು ತೆತ್ತರೂ ನಷ್ಟವಿಲ್ಲ. ಆ ಮೇಲೆ ತಕ್ಕಡಿಯನ್ನು ನೋಡಿ. ಚೀಲ ಹೊತ್ತು ಮೆಟ್ಟಿಲು ಇಳಿದಾಗ ಮೊಣಕಾಲು ಸುಮ್ಮನಿದ್ದರೆ, ಇನ್ನೂ ಕೆಲವು ಬೆಟ್ಟಗಳು ನಿಮ್ಮ ಪಾಲಿಗೆ ಉಳಿದಿವೆ ಎಂದು ತಿಳಿಯಿರಿ.

(ಬಾನುಲಿ ಭಾಷಣ)